ಇಪ್ಪತ್ತನಾಲ್ಕು ತಾಸು ನೀರು ಬಿಡಬೇಡಿ

ಮೊದಲು ಕಂಡದ್ದು ಒಂದು ಕೂದಲೆಳೆ.
ಕಲ್ಲುಹಾಸಿಗೂ ಸ್ಟೀಲಿಗೂ ನಡುವೆ,
ನಲ್ಲಿಯ ಎಡಕ್ಕೆ, ಕಪ್ಪು ಗೆರೆ.
ಕೂದಲೆಂದೇ ಒರೆಸಿದೆ. ಹೋಗಲಿಲ್ಲ.
ಗುರುವಾರ ಅದರೊಳಗೆ ಒಂದು ಅನ್ನದಗುಳು ಹೋಯಿತು,
ಶನಿವಾರ ಚಮಚದ ತುದಿ.
ಭಾನುವಾರ ಮುದ್ದೆ ಪಾತ್ರೆ ನೆನೆಹಾಕಿದ್ದೆ,
ಪಕ್ಕದಲ್ಲೇ ಗ್ರೈಂಡರಿನ ಗುಂಡುಕಲ್ಲು.
ರಾತ್ರಿ ಹನ್ನೊಂದಕ್ಕೆ ಅಡುಗೆಮನೆ ಒಮ್ಮೆ ಕೆಮ್ಮಿತು.
ಹೋಗಿ ನೋಡಿದರೆ ಸಿಂಕು
ಒಂದು ಭುಜ ಇಳಿಸಿ ನಿಂತಿದೆ,
ಫೋಟೋಗೆ ನಿಲ್ಲಲು ಒಲ್ಲದ ಹುಡುಗನ ಹಾಗೆ.

‘ನಿನ್ನ ಗುಂಡುಕಲ್ಲು’ ಅಂದ ಸಂಪಂಗಿ.
‘ನಿನ್ನ ಮುದ್ದೆ’ ಅಂದೆ.
ಪ್ಲಂಬರು ಫೋನಿನಲ್ಲೇ ನಾನೂರು ಡಾಲರ್ ಅಂದ,
ಅದೂ ಮುಂದಿನ ಬುಧವಾರ, ಬಂದರೆ.

ಜುಲೈ ತಿಂಗಳ ಬ್ಯಾಲರಾಟ್.
ಕಾರಿನ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಉಪ್ಪು.
ಬಸ್ಸು ಓಡಿಸಲು ಸಂಪಂಗಿ ಐದಕ್ಕೇ ಹೋದ.
ನನಗೆ ರಜೆ.

ಸಿಂಕಿನ ಕೆಳಗಿನ ಕಪಾಟು ಬರಿದು ಮಾಡುವುದೇ ಒಂದು ಸಂಸಾರ:
ಫಿನಾಯಿಲು, ನೂರು ಚೀಲ ನುಂಗಿದ ಒಂದು ಚೀಲ,
ಇಲಿಗೆಂದು ಇಟ್ಟು ಮರೆತ ಬೋನು,
ಒಣಗಿದ ಈರುಳ್ಳಿ, ಅದು ಹೇಗೆ ಬಂತೋ.
ಆಮೇಲೆ ಮಲಗಿದೆ, ಅಂಗಾತ,
ಸೊಂಟದ ತನಕ ಒಳಗೆ, ಕಾಲು ಅಡುಗೆಮನೆಯಲ್ಲಿ,
ಹಣೆಗೆ ಮಗಳ ಕ್ಯಾಂಪಿನ ಟಾರ್ಚು.

ದೀಪ ಹತ್ತಿದ್ದೇ
ತಾತ ಬಂದ.

ಚಾಂಪಿಯನ್ ರೀಫಿನ ಗಣಿಯಲ್ಲಿ ನಮ್ಮ ಮುನಿಸ್ವಾಮಪ್ಪ
ಚಿನ್ನ ತೆಗೆದವನಲ್ಲ. ಮರ ನಿಲ್ಲಿಸಿದವನು.
ಅಗೆಯುವವರು ಮುಂದೆ ಸಾಗಿದ ಮೇಲೆ
ಹಿಂದಿನಿಂದ ಹೋಗಿ ಸೂರಿಗೆ ದಿಮ್ಮಿ ಕೊಡುವವನು.
ಮೂವತ್ತೊಂದು ವರ್ಷ. ಮನೆಗೆ ಬಂದ ಚಿನ್ನ
ಅಜ್ಜಿಯ ಮೂಗುಬೊಟ್ಟಿನಷ್ಟೂ ಇಲ್ಲ.
ಮದುವೆಮನೆಯಲ್ಲಿ ಚಪ್ಪರದ ಗಳು ಅಲುಗಿಸಿ ನೋಡಿಯೇ
ಎಲೆಯ ಮುಂದೆ ಕೂರುತ್ತಿದ್ದ.
ಮನೆಯಲ್ಲೂ, ತುತ್ತಿಗೆ ಮುಂಚೆ ತಲೆ ಎತ್ತಿ
ಒಮ್ಮೆ ಹೆಂಚು.
ನಾವು ನಗುತ್ತಿದ್ದೆವು.
‘ಮರ ಮೊದ್ಲು ಮಾತಾಡ್ತೈತೆ ಕಣಮ್ಮಿ,
ಕಲ್ಲು ಆಮ್ಯಾಕೆ.’

ಇಲ್ಲಿ ಮಾತಾಡಿದ್ದು ಅಂಟು.
ಹದಿನಾಲ್ಕು ವರ್ಷದ ಸಿಲಿಕೋನು
ಬೇಯಿಸಿ ಮರೆತ ಶ್ಯಾವಿಗೆಯಂತೆ ಎಳೆಯೆಳೆಯಾಗಿ ಬಂತು.
ಬ್ಲೇಡು ಹಾಕಿ ಕೆರೆದೆ. ಕಣ್ಣಿಗೆ ಬಿತ್ತು. ಬೈದೆ,
ಅರ್ಧ ಕನ್ನಡ, ಅರ್ಧ ತೆಲುಗು, ಪೂರಾ ಕೋಲಾರ.
ನಾಲ್ಕು ಕ್ಲಿಪ್ಪು ಇರಬೇಕಾದಲ್ಲಿ ಎರಡು.
ಮೂರನೆಯದಕ್ಕೆ ತೂತು ಕೊರೆದು ಬಿಟ್ಟಿದ್ದಾರೆ,
ನಾಲ್ಕನೆಯದಕ್ಕೆ ಬರೀ ಪೆನ್ಸಿಲಿನ ಗುರುತು.
ಯಾರೋ ಶುಕ್ರವಾರ ಸಂಜೆ ಕೆಲಸ ಮಾಡಿದವನು.
ಅವನ ಮೇಲೆ ಸಿಟ್ಟು ಬರಲಿಲ್ಲ, ಯಾಕೋ.

ಅಂಚಿಗೆ ಸ್ಪಿರಿಟ್ಟು ಒರೆಸಿ,
ಎರಡು ಟ್ಯೂಬಿನ ಎಪಾಕ್ಸಿ ಐಸ್‌ಕ್ರೀಮ್ ಕಡ್ಡಿಯಲ್ಲಿ ಕಲಸಿ
(ಐದೇ ನಿಮಿಷ, ಆಮೇಲೆ ಕಲ್ಲು, ಅಂದಿತ್ತು ಡಬ್ಬಿ)
ಬಳಿದು,
ಕಾರಿನ ಜಾಕು ಇಟ್ಟು, ಅದರ ಮೇಲೆ ಚಪಾತಿ ಮಣೆ,
ತಿರುಗಿಸಿದೆ. ಒಂದು ಸುತ್ತು. ಅರ್ಧ.
ಇನ್ನೊಂದು ಕಾಲು.
ಸ್ಟೀಲು ನರಳುತ್ತ ಮೇಲೇರಿತು,
ಹೋಳಿಗೆಯ ಅಂಚಿನಲ್ಲಿ ಹೂರಣ ಇಣುಕಿದಂತೆ
ಅಂಟು ಸುತ್ತಲೂ ಉಕ್ಕಿತು.

ಎದ್ದು ಬರಬಹುದಿತ್ತು.
ಬರಲಿಲ್ಲ. ಈ ಊರಿನ ಅಡಿಯೂ ಟೊಳ್ಳು ಅನ್ನುತ್ತಾರೆ,
ಚಿನ್ನ ಮುಗಿದ ಸುರಂಗಗಳು,
ಶಾಲೆಯ ಮೈದಾನ, ಪೆಟ್ರೋಲ್ ಬಂಕು, ಯಾರ ಯಾರ ಮಂಚಗಳ ಕೆಳಗೆ.
ಅಲ್ಲೂ ಯಾರೋ ಮರ ಕೊಟ್ಟು
ಸಂಜೆಗೆ ಮೇಲೆ ಬಂದು ಕೈ ತೊಳೆದಿರಬೇಕು.
ಬೆನ್ನಿಗೆ ನೆಲದ ಥಂಡಿ ಹತ್ತುತ್ತಿತ್ತು.
ಕಿವಿಗೊಟ್ಟೆ.
ಮಣೆ ಏನೂ ಹೇಳಲಿಲ್ಲ.

ನಲ್ಲಿಯ ಕುತ್ತಿಗೆಗೆ ಕರ್ಚೀಫು ಕಟ್ಟಿದೆ, ಯಾರೂ ಮರೆಯದಿರಲೆಂದು.
ರಾತ್ರಿ ಸ್ನಾನದ ತೊಟ್ಟಿಯ ಮುಂದೆ ಮೊಣಕಾಲೂರಿ
ಸಂಪಂಗಿ ಪಾತ್ರೆ ತೊಳೆದ,
ಇಂಚರ ಶವರು ಹಿಡಿದಳು, ಅರ್ಧ ಅವನ ಮೇಲೇ.
‘ಮುದ್ದೆ ಪಾತ್ರೆ ಮೊದಲು’ ಅಂದೆ, ಬಾಗಿಲಲ್ಲಿ ನಿಂತು,
ಮೇಸ್ತ್ರಿಯ ಗತ್ತಿನಲ್ಲಿ.

ನಡುರಾತ್ರಿ ನೀರಡಿಸಿ ಎದ್ದವಳು
ಕತ್ತಲಲ್ಲೇ ನಲ್ಲಿಗೆ ಕೈಚಾಚಿ, ಕರ್ಚೀಫು ತಾಗಿ,
ತಡೆದು ನಿಂತೆ.
ಯಾವ ಕಾರಣವೂ ಇಲ್ಲದೆ
ತಲೆ ಎತ್ತಿ ಒಮ್ಮೆ ಸೂರು ನೋಡಿದೆ.

ಕೆಳಗೆ, ಕತ್ತಲ ಕಪಾಟಿನಲ್ಲಿ, ಜಾಕು ನಿಂತಿತ್ತು.
ಅಂದರೆ ಕಾರಿಗೆ ಜಾಕಿಲ್ಲ.
ನಾಳೆ ಸಂಜೆಯ ತನಕ
ನಮ್ಮ ಯಾವ ಚಕ್ರವೂ ಪಂಕ್ಚರಾಗದಿರಲಿ.