ಶಟರು ಎತ್ತಿದ ಸದ್ದು

ತಟ್ಟೆ ಅಂತಾರೆ ಈಗಲೂ. ತಟ್ಟೆ ಎಲ್ಲಿದೆ?
ಹೆಬ್ಬೆರಳುದ್ದದ ಪೆನ್‌ಡ್ರೈವು, ಕೆಂಪು ದಾರ ಕಟ್ಟಿದ್ದು.
ಶಫಿ ತಂದುಕೊಟ್ಟ. ಬೈಯಲಿಲ್ಲ, ನಗಲೂ ಇಲ್ಲ:
"ಪೂರ್ತಿ ಕೇಳಿ ಸಾರ್, ಈ ಸಲ."

ಹಾಗಾಗಿ, ಓದುಗರೇ, 'ಹಿಂದಿನ ಗೇಟು' ತಂಡದ
ಎಂಬತ್ತೊಂದು ನಿಮಿಷ. ಕಡಿತವಿಲ್ಲ, ತೇಪೆಯಿಲ್ಲ.
ಜಾಗ: ಮಂಡಿ ಮೊಹಲ್ಲಾದ ಮುಚ್ಚಿದ ಊದುಬತ್ತಿ ಗೋದಾಮು.
ಆ ರಾತ್ರಿ ಬಂದವರ ಅಂಗಿಯೆಲ್ಲ
ಮೂರು ಒಗೆತದವರೆಗೆ ದೇವರ ಮನೆ ವಾಸನೆ ಹೊಡೆಯುತ್ತಿತ್ತು.
ರೆಕಾರ್ಡಿಂಗಿಗೆ ಮೂಗಿಲ್ಲ. ಇದು ಮೊದಲ ಕೊರತೆ.

ಎರಡನೆಯದು ಫ್ಯಾನು. ಎಡಗಿವಿಯಲ್ಲಿ ಉದ್ದಕ್ಕೂ
ಟಕ್ ಟಕ್, ತಾಳಕ್ಕೆ ಅರ್ಧ ಹೆಜ್ಜೆ ಹಿಂದೆ.
ಆರನೇ ನಿಮಿಷಕ್ಕೆ ಮಾದು ಅದನ್ನು ಕೇಳಿಸಿಕೊಳ್ಳುತ್ತಾನೆ,
ಡ್ರಮ್ಮನ್ನು ನಿಧಾನ ಮಾಡಿ,
ಅಜ್ಜನ ಕೈಹಿಡಿದು ರಸ್ತೆ ದಾಟುವವನ ಹಾಗೆ
ಫ್ಯಾನಿನ ಜೊತೆ ನಡೆಯುತ್ತಾನೆ.
ನಾನು ಅಲ್ಲೇ, ಮೂರನೇ ಸಾಲಲ್ಲಿದ್ದೆ. ಕೇಳಿಸಿರಲಿಲ್ಲ.

ಸೌಗಂಧಿಕಾಳ ಕೀಬೋರ್ಡಿನಲ್ಲಿ ಒಂದು ಮನೆ ಸತ್ತಿದೆ, ಮೇಲಿನ ಗ.
ಅಲ್ಲಿಗೆ ಬಂದಾಗಲೆಲ್ಲ ಸಾಲಿನಲ್ಲೊಂದು ತೂತು.
ಮೊದಲು ಹಾರಿದಳು, ಆಮೇಲೆ ಬಳಸಿ ಹೋದಳು,
ಮೂವತ್ತನೇ ನಿಮಿಷದ ಹೊತ್ತಿಗೆ ಬೇಕೆಂದೇ ಒತ್ತುತ್ತಾಳೆ
ಆ ಇಲ್ಲದ್ದನ್ನು, ಮತ್ತೆ ಮತ್ತೆ,
ಬಿದ್ದ ಹಲ್ಲಿನ ಜಾಗವನ್ನು ನಾಲಗೆ ಮುಟ್ಟಿ ನೋಡುವಂತೆ.

ನಲವತ್ತೆರಡು. ಡೆನ್ಜಿಲ್ ಒಂದು ಸ್ವರ ಹಿಡಿದ.
ಹಿಡಿದ ಅಂದರೆ ಹಿಡಿದ. ನಲವತ್ತೇಳಕ್ಕೂ ಅದೇ, ಐವತ್ತಕ್ಕೂ ಅದೇ.
ಶಫಿಯ ಬೇಸು ಕೆಳಗೆಲ್ಲೋ, ಮುಳುಗಿದ ಕೊಡ ತಡಕುವ ಪಾತಾಳಗರಡಿ.
ನನ್ನ ತಲೆಯಲ್ಲಿ ಹತ್ತೂ ನಲವತ್ತರ ಮಂಡ್ಯ ಬಸ್ಸು.

ಮರುವಾರ ಇದೇ ಅಂಕಣದಲ್ಲಿ ಬರೆದಿದ್ದೆ:
'ಉತ್ತರಾರ್ಧದಲ್ಲಿ ತಂಡ ದಾರಿ ತಪ್ಪಿತು.'
ಉತ್ತರಾರ್ಧ ನಡೆಯುವಾಗ ನಾನು ಸಬರ್ಬನ್ ಸ್ಟ್ಯಾಂಡಿನಲ್ಲಿ
ಇನ್ನೂ ಹೊರಡದ ಬಸ್ಸಿನಲ್ಲಿ ಕೂತು
ಕಡಲೆಕಾಯಿ ಸುಲಿಯುತ್ತಿದ್ದೆ.

ಈಗ ಐವತ್ತೊಂದು, ಹದಿಮೂರು ಸೆಕೆಂಡು.
ಕುರ್ಚಿ ಕೊಯ್ಯೆನ್ನುತ್ತದೆ. ಚಪ್ಪಲಿ. ಬಲಗಾಲು ಸ್ವಲ್ಪ ಎಳೆಯುತ್ತದೆ;
ಹೆಂಡತಿ ಹೇಳುತ್ತಲೇ ಇದ್ದಳು, ನಂಬಿರಲಿಲ್ಲ.
ಆಮೇಲೆ ಶಟರು. ಕಿರ್ರ್‌ರ್ ಎಂದು, ತುಕ್ಕಿನ ಗಂಟಲಲ್ಲಿ,
ಒಬ್ಬ ಮನುಷ್ಯ ಬಗ್ಗಿ ಹೊರಬೀಳುವಷ್ಟು.

ಡೆನ್ಜಿಲ್ ಸ್ವರ ಬಿಟ್ಟ.
ಬಿಟ್ಟು, ಆ ಕಿರುಚನ್ನೇ ತಂತಿಯ ಮೇಲೆ ಎತ್ತಿಕೊಂಡ,
ಅರ್ಧಕ್ಕೆ ನಿಂತದ್ದನ್ನು ಪೂರ್ತಿ ಮೇಲಕ್ಕೆ ನೂಕಿದ.
ಒಳಗೆ ಬಂತು ಬೀದಿ: ನಾಯಿ, ಆಟೋ ಹಾರನ್ನು,
ಟೀ ಅಂಗಡಿಯಲ್ಲಿ ತೊಳೆವ ಲೋಟ.
ಮಾದು ಫ್ಯಾನಿನ ಕೈಬಿಟ್ಟು ಓಡಿದ. ಸತ್ತ ಗ ಕೂಡ
ಏನೋ ಅಂದ ಹಾಗಿದೆ. ಎರಡು ಸಲ ಹಿಂದಕ್ಕೆ ಹಾಕಿ ಕೇಳಿದೆ. ಗೊತ್ತಿಲ್ಲ.
ಇಪ್ಪತ್ತಾರು ನಿಮಿಷ. ವಿವರಿಸಲು ತಡವರಿಸುತ್ತೇನೆ;
ಕೇಳದೆ ಬರೆದದ್ದು ಸುಲಭವಾಗಿತ್ತು.

ಲೋಪಗಳಿವೆ. ಅರವತ್ತೆಂಟರಲ್ಲಿ ಮೈಕು ಬಿದ್ದಿದೆ,
ಯಾರೋ "ಸಾಕ್ರೋ" ಅಂತ ಕೂಗಿದ್ದಾರೆ, ಅದೊಂದೇ ಸ್ಪಷ್ಟ.
ಕೊನೆಯ ನಾಲ್ಕು ನಿಮಿಷ ಸಂಗೀತವೇ ಇಲ್ಲ.
ಮಡಚುವ ಕುರ್ಚಿ, ಸುತ್ತುವ ವೈರು.
"ಮಧ್ಯೆ ಯಾರೋ ಎದ್ದೋದ್ರಲ್ಲ?"
"ಹೂಂ. ಶಟರ್ ಎಳೀದೆ ಹೋಗವ್ರೆ. ಸೊಳ್ಳೆ ನೋಡು."
ಆಮೇಲೆ ಒಂದು ಚಪ್ಪಾಳೆ,
ಸೊಳ್ಳೆಗೆ.