ಯಾವ ಮರ

ಸ್ಫ್ಯಾಕ್ಸ್ ಊರಿನ ಶಾಲೆ, ಬುಧವಾರ, ಮೂರನೇ ಪೀರಿಯಡ್ಡು.
ಬಾಸ್ಕೆಟ್‌ಬಾಲಿನ ಮಾಸಿದ ಗೆರೆಗಳ ಮೇಲೆ
ಇಪ್ಪತ್ತೆರಡು ಚಾಪೆ.
ನನಗೆ ಜೋಡಿ ಘಸ್ಸಾನ್.
ನಾನು ಕೇಳಿಕೊಂಡದ್ದಲ್ಲ.
ಡೌನ್ ಸಿಂಡ್ರೋಮ್ ಎಂದು ಮೊದಲ ದಿನ ಹೇಳಿದ್ದರು,
ಮತ್ತೆ ಹೇಳಲಿಲ್ಲ.

ಕೂತು ಮುಂದಕ್ಕೆ ಬಾಗಿ, ಅಂದರು ಇಲ್ಹೆಮ್ ಮೇಡಂ.
ತಂಡದ ಗೋಲ್‌ಕೀಪರ್ ನಾನು, ಮೊಣಕಾಲಿಗೇ ಮುಗಿದೆ.
ಅವನೋ, ಒದ್ದೆ ಟವೆಲ್ ಮಡಚಿದ ಹಾಗೆ
ಹಣೆಯನ್ನು ಮಂಡಿಗೆ ತಾಗಿಸಿ
ಅಲ್ಲಿಂದಲೇ ನನ್ನ ಕಡೆ ನೋಡಿ ನಕ್ಕ.

ಶೀರ್ಷಾಸನ ಅವನಿಗೆ ಬೇಡ.
ಕುತ್ತಿಗೆಯ ಕೀಲು ಸಡಿಲವಂತೆ, ಡಾಕ್ಟರ ಚೀಟಿ ಇದೆ.
"ಹಾಗಾದರೆ ಯಾರಿಗೂ ಬೇಡ" ಎಂದು
ಮೇಡಂ ಪಟ್ಟಿಯಲ್ಲಿ ಗೆರೆ ಎಳೆದರು.
ನನಗೆ ಸಿಟ್ಟು. ತಿಂಗಳಿಡೀ
ಗೋಡೆಗೊರಗಿ ಕಲಿತಿದ್ದೆ.

ಆಮೇಲೆ ಮರ.
ಒಂಟಿ ಕಾಲು, ಕೈ ಮೇಲೆ, ನೆಟ್ಟಗೆ, ಐದು ಉಸಿರು.
"ಯಾವ ಮರ?" ಅಂದ ಘಸ್ಸಾನ್.
ಮೇಡಂ ಬಾಯಿ ತೆರೆದರು, ಮುಚ್ಚಿದರು.
ವರ್ಷವೆಲ್ಲ ನಿಂತಿದ್ದೆವು, ಯಾರೂ ಕೇಳಿರಲಿಲ್ಲ.
ಅವನೇ ಹೇಳಿದ: ಆಲಿವ್.
ಅಜ್ಜಿ ತೋಟದ್ದು. ಅದು ಸೊಟ್ಟ.

ಸೊಂಟ ಒಂದು ಕಡೆ, ತಲೆ ಒಂದು ಕಡೆ,
ಕನ್ನಡಕ ಮೂಗಿನ ತುದಿಗೆ,
ಎತ್ತಿದ ಕಾಲಿನ ಹೆಬ್ಬೆರಳು
ನೆಲಕ್ಕೆ ತಾಗಿಯೂ ತಾಗದೆ,
ನಿಂತ. ಎಣಿಸಿದ.
ಒಂದು, ಎರಡು, ನಾಲ್ಕು...
ಅವನ ಲೆಕ್ಕದಲ್ಲಿ ಮೂರು ಯಾವತ್ತೂ ಬರುವುದಿಲ್ಲ.
ನೆಟ್ಟಗೆ ನಿಂತ ನಾನು ಎರಡಕ್ಕೇ ವಾಲಿದೆ.
ಕೈಗೆ ಸಿಕ್ಕಿದ್ದು ಅವನ ಹೆಗಲು.
ಬೆಚ್ಚಗಿತ್ತು, ಅಲುಗಿತು,
ಬೀಳಲಿಲ್ಲ.

"ಮೂರು ಬಿಟ್ಟೆ ಕಣೋ" ಅಂದೆ.
"ಅದು ನಿಂದು" ಅಂದ.