ಖಾಲಿ ತೂಕ

ಉಬ್ಬಿಬಿಟ್ಟಾವ್ ನೋಡ್ರಿ ಕೊಟ್ರಣ್ಣ, ಎಂದಳು ಮುಬೀನಾ
ಹಲ್ಲಲ್ಲಿ ಕಚ್ಚಿದ್ದ ಟಾರ್ಚು ತೆಗೆದು.
ಮದರ್‌ಬೋರ್ಡಿನ ಮೇಲೆ ಸಾಲಾಗಿ ನಿಂತ
ಕಿರುಬೆರಳ ತುದಿಯಷ್ಟು ಕೆಪಾಸಿಟರುಗಳು
ನೆತ್ತಿ ಬಿರಿದು, ಅಂಚಿಗೆ ಕಂದು ಅಂಟು.
ಮಂಡಕ್ಕಿ ಭಟ್ಟಿ ಓಣಿಯ ಹುಡುಗಿ.
ಉಸುಕು ಎಷ್ಟು ಕಾದರೆ ಅಕ್ಕಿ ಅರಳುತ್ತದೆಂದು
ಅ ಆ ಇ ಈಗಿಂತ ಮೊದಲು ಕಲಿತವಳು.
ಒಮ್ಮೆ ಅರಳಿದ್ದು ಮತ್ತೆ ಅಕ್ಕಿ ಆಗಲ್ಲಣ್ಣ,
ಬೋರ್ಡೇ ಹೊಸಾದು ಬೇಕು.

ಹೊರಗೆ ಎಪಿಎಂಸಿ ಗೇಟಿನ ತನಕ ಮೆಕ್ಕೆಜೋಳದ ಲಾರಿ,
ಡ್ರೈವರುಗಳ ಹಾರನ್ನು, ದಲಾಲರ ಫೋನು.
ಕಾಟಾ ಮನೆಯ ಕಿಟಕಿಗೆ
ಸಿಸ್ಟಂ ಕೆಟ್ಟಿದೆ ಎಂದು ರಟ್ಟು ಕಟ್ಟಿ ಕೂತೆ,
ಯಾರದೋ ಆಪರೇಷನ್ನಿಗೆ ಸಹಿ ಹಾಕಿದವನ ಹಾಗೆ.

ಮುಚ್ಚಳ ತೆಗೆದರೆ ಒಳಗೆ
ಹದಿಮೂರು ಸುಗ್ಗಿಯ ಹೊಟ್ಟು.
ಫ್ಯಾನಿನ ಬುಡದಲ್ಲಿ ಒಡೆದ ಎರಡು ಹಲ್ಲಿಮೊಟ್ಟೆ,
ಆಯುಧಪೂಜೆಯದಿರಬೇಕು, ಕೆಂಪು ನೂಲಿನ ಚೂರು,
ಒಂದು ಜೋಳದ ಕಾಳು.
ಬ್ರಷ್ಷಿನಿಂದ ಬಳಿದು ಎಲ್ಲ ಪೇಪರಿಗೆ ಕಟ್ಟಿದಳು;
ಕಾಳನ್ನು ಮಾತ್ರ ನನ್ನ ಅಂಗೈಗಿಟ್ಟಳು.

ಡಿಸ್ಕ್ ಒಂದು ಉಳಿದ್ರೆ ಸಾಕು, ಎಲ್ಲಾ ಅದರಾಗೇ ಐತಿ.
ಎಲ್ಲಾ ಅಂದ್ರೆ?
ಎಲ್ಲಾ ಅಂದ್ರೆ ಎಲ್ಲಾ.
ನನ್ನ ಊಟದ ಡಬ್ಬಿಗಿಂತ ಸಣ್ಣದು.
ಮೊದಲು ಕಾಪಿ ತೆಗೆಯಲು ತನ್ನ ಲ್ಯಾಪ್‌ಟಾಪಿಗೆ ಹಚ್ಚಿದಳು.
ಹಸಿರು ಪಟ್ಟಿ ತೆವಳಿತು ಮೂರು ಗಂಟೆ.
ಎರಡು ಸಲ ಕರೆಂಟು ಹೋಗಿ ಬಂತು,
ಎರಡೂ ಸಲ ಯುಪಿಎಸ್ಸು ಕುಂಯ್‌ಗುಟ್ಟಿತು,
ಎರಡೂ ಸಲ ನಾವಿಬ್ಬರೂ ದೇವರ ಹೆಸರು ತೆಗೆದೆವು,
ಬೇರೆ ಬೇರೆ.

ಹೊಸ ಬೋರ್ಡಿಗೆ ಹಳೇ ಡಿಸ್ಕು. ಗುಂಡಿ ಒತ್ತಿದರೆ
ನೀಲಿ ಪರದೆ.
ಮತ್ತೊಮ್ಮೆ. ನೀಲಿ.
ಅದಕ್ಕೆ ತಾನೆಲ್ಲಿದೀನಿ ಅಂತ ತಿಳೀವಲ್ದು ಅಂದಳು,
ಬಾಡಿಗೆ ಮನೆ ಬದಲಿಸಿದ ಮೊದಲ ರಾತ್ರಿ
ಇಲ್ಲದ ಗೋಡೆಯ ಮೇಲೆ ಸ್ವಿಚ್ಚು ಹುಡುಕಿದಂಗೆ.
ಹಳೇ ಡ್ರೈವರ್ ಕಿತ್ತು ಹೊಸಾ ಡ್ರೈವರ್ ಕೂರಿಸ್ಬೇಕು.
ಕಿಟಕಿಗೆ ಆತು ನಿಂತಿದ್ದ ಲಾರಿಯವ ಗಾಬರಿಯಾದ:
ಯಾರನ್ನ ಕೀಳ್ತೀಯವ್ವಾ?

ಕೊನೆಗೆ ಎದ್ದಿತು.
ತಾರೀಖು ಮಾತ್ರ ಎಂದಿನದೋ ಜನವರಿ ಒಂದು.
ಮೂಲೆಯಲ್ಲಿ ಸಣ್ಣಕ್ಷರ:
ನೀವು ಅಸಲಿ ಎಂದು ರುಜುವಾತು ಮಾಡಿ.
ಆಮ್ಯಾಲೆ ಮಾಡಾಣ ಅಂದಳು.
ನಾನೂ ಎಷ್ಟೋ ಕಚೇರಿಗಳಲ್ಲಿ ಹಾಗೇ ಅಂದು ಬಂದವನು.

ಇನ್ನೊಂದು ತಕರಾರು: ಕಾಟಾದ ವೈರಿಗೆ
ಒಂಬತ್ತು ಸೂಜಿಯ ಹಳೇ ಮೂತಿ,
ಹೊಸ ಬೋರ್ಡಿಗೆ ಅಂಥ ತೂತೇ ಇಲ್ಲ.
ಸ್ಕೂಟಿ ಹತ್ತಿ ಅಶೋಕ ರಸ್ತೆಗೆ ಹೋದವಳು
ಗೇಟು ಬಿದ್ದು ಮುಕ್ಕಾಲು ಗಂಟೆ ಕಾದು
ನಡುವೆ ನಿಂತು ಭಾಷೆ ಬಲ್ಲ ಒಂದು ಗೇಣು ಕೇಬಲ್ಲು ತಂದಳು,
ಜೊತೆಗೆ ಮಿರ್ಚಿ.

ಫೈಲುಗಳೆಲ್ಲ ಬಂದಿದ್ದವು. ಬಿಲ್ಲು, ಪಾರ್ಟಿ, ಗಾಡಿ ನಂಬರು.
ಬಾಕಿ ಪಟ್ಟಿಯಲ್ಲಿ ಒಂದೇ ಸಾಲು, ಆರು ವರ್ಷದ್ದು.
ತುಂಬಿದ ತೂಕ ಹದಿನಾರು ಸಾವಿರದ ನಾನೂರ ಮೂವತ್ತು.
ಖಾಲಿ ತೂಕದ ಜಾಗ ಖಾಲಿ.
ಅಳಿಸ್ಲಾ? ಸುಮ್ನೆ ಎರರ್ ಕೊಡತೈತಿ.
ಬ್ಯಾಡ ಅಂದೆ.
ಮಾಲು ಇಳಿಸಿ ಬರ್ತೀನಿ ಕೊಟ್ರಣ್ಣಾ, ಚೀಟಿ ನಿಂತಾವೇ ಇರ್ಲಿ,
ಅಂದು ಹೋದವನು ಹೊನ್ನೂರಸ್ವಾಮಿ.
ಮಾಲು ಇಳಿಯಿತು. ಲಾರಿಯನ್ನೂ ಯಾರೋ ಒಯ್ದರು.
ಒಟ್ಟು ಇದೆ, ಖಾಲಿ ಇಲ್ಲ,
ನಿವ್ವಳ ಹೇಗೆ ತೆಗೆಯಲಿ.
ಮುಬೀನಾ ಎಣ್ಣೆಗೈ ಒರೆಸಿಕೊಂಡು
ಆ ಸಾಲಿನಿಂದ ಮೌಸು ಸರಿಸಿದಳು.

ಹೋಗಿ ನಿಲ್ರಿ, ನೋಡಾಣ.
ದಿನಾ ನಸುಕಿನಲ್ಲಿ, ಮೊದಲ ಲಾರಿಗೆ ಮುಂಚೆ
ಕಾಟಾ ಸರಿ ಇದೆಯೇ ಎಂದು ನಾನೇ ನಿಲ್ಲುವುದು,
ನಲವತ್ತಡಿ ಕಬ್ಬಿಣದ ನಟ್ಟನಡುವೆ, ಚಪ್ಪಲಿ ಸಮೇತ.
ಈಗ ಸಂಜೆ ಏಳು. ಲಾರಿಗಳ ದೀಪವೆಲ್ಲ ನನ್ನ ಮೇಲೆ.
ಒಳಗೆ ಅವಳು ಏನೋ ಬದಲಿಸಿದಳು, ಬೈದಳು, ಮತ್ತೆ ಬದಲಿಸಿದಳು.

ಅರವತ್ತೈದು!

ಜೇಬಿನಲ್ಲಿ ಕಾಳು ಇತ್ತು.
ಐದು ಕೆಜಿಗಿಂತ ಕಡಿಮೆಯದು
ಈ ಕಾಟಾದ ಕಣ್ಣಿಗೆ ಬೀಳುವುದಿಲ್ಲ.
ಇಳಿದೆ. ಮೊದಲ ಲಾರಿ ಹತ್ತಿತು.